ಕವರ್ ಕೊಡು: ಬ್ಯಾರಕ್ಕಿನಿಂದ ಹಾಕಿ ಮೈದಾನಕ್ಕೆ ಬಂದ ಮಾತುಗಳು

ಸಂಜೆ ಐದರ ಹೊತ್ತಿಗೆ ನಮ್ಮೂರ ಹಾಕಿ ಮೈದಾನದ ಕಡೆ ಬಂದರೆ ದೂರದಿಂದಲೇ ಒಂದು ಕೂಗು ಕೇಳಿಸುತ್ತೆ. "ಕವರ್! ಕವರ್ ಕೊಡೋ!" ಕೂಗುವವನು ಆರನೇ ಕ್ಲಾಸಿನ ಹುಡುಗ. ಅವನ ಪಾಲಿಗೆ ಅದು ಹಾಕಿಯ ಮಾತು. ನಾನು ಆ ಮಾತನ್ನು ಕಲಿತದ್ದು ನೀಲಗಿರಿಯ ಒಂದು ಇಳಿಜಾರಿನಲ್ಲಿ. ಎದೆಯನ್ನು ಒದ್ದೆ ಹುಲ್ಲಿಗೆ ಒತ್ತಿ ಮಲಗಿದ್ದೆ, ಕೈಯಲ್ಲಿ ರೈಫಲ್ ಇತ್ತು.

1992ರಲ್ಲಿ ಮದ್ರಾಸ್ ರೆಜಿಮೆಂಟ್ ಸೇರಿದೆ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ತರಬೇತಿ. 2016ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದೆ. ಈ 24 ವರ್ಷದಲ್ಲಿ ಹಾಕಿ ಬಿಟ್ಟದ್ದೇ ಇಲ್ಲ. ಮೊದಲು ಕಂಪನಿ ತಂಡ, ಆಮೇಲೆ ಬೆಟಾಲಿಯನ್ ತಂಡ. ಈಗ ಸೋಮವಾರಪೇಟೆ ಕಡೆಯ ನಮ್ಮೂರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಸುತ್ತಮುತ್ತ ಎಲ್ಲಾದರೂ ಟೂರ್ನಮೆಂಟ್ ನಡೆದರೆ ಕನ್ನಡದಲ್ಲಿ ಕಾಮೆಂಟ್ರಿ ಹೇಳುತ್ತೇನೆ. ಎರಡು ಕೆಲಸಕ್ಕೂ ಬಂಡವಾಳ ಮಾತು. ಆ ಮಾತನ್ನು ಹೇಗೆ ಕೂಡಿಹಾಕಿದೆ, ಯಾವುದನ್ನು ಇಟ್ಟುಕೊಂಡೆ, ಯಾವುದನ್ನು ಕೈಬಿಟ್ಟೆ ಅಂತ ಒಂದು ಸಲ ಬರೆದಿಡಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು.

ಸೇನೆಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಹೊಸ ಮಾತು ನನಗೆ ಹೊಸದಾಗಿರಲೇ ಇಲ್ಲ. ಅದು ಉಸ್ತಾದ್. ತರಬೇತಿ ಕೊಡುವ ಹವಾಲ್ದಾರ್‌ಗಳನ್ನು, ನಾಯಕ್‌ಗಳನ್ನು ನಾವು ಉಸ್ತಾದ್ ಅಂತಲೇ ಕರೆಯಬೇಕು. ನನ್ನ ಸೋದರಮಾವ ಮೈಸೂರಿನಲ್ಲಿ ಗರಡಿಗೆ ಹೋಗುತ್ತಿದ್ದವರು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿ ಮಟ್ಟಿಯ ಪಕ್ಕ ಕೂರಿಸುತ್ತಿದ್ದರು. ಕೆಮ್ಮಣ್ಣಿನ ವಾಸನೆ, ಎಣ್ಣೆ ವಾಸನೆ, ಆ ಮಬ್ಬು ಬೆಳಕಲ್ಲಿ ಪಟ್ಟು ಹೇಳಿಕೊಡುವ ಒಬ್ಬ ದೊಡ್ಡ ಮನುಷ್ಯ. ಅವರನ್ನು ಎಲ್ಲರೂ ಉಸ್ತಾದ್ ಅಂತಿದ್ದರು. ವೆಲ್ಲಿಂಗ್ಟನ್‌ನ ಚಳಿಯಲ್ಲಿ ಸಾಲಾಗಿ ನಿಂತಿದ್ದಾಗ ಅದೇ ಮಾತು ಕೇಳಿಸಿತು. ಮನೆ ಬಿಟ್ಟು ಬಂದು ಮೂರು ದಿನ ಆಗಿತ್ತು. ಆ ಒಂದು ಮಾತಿನಿಂದ ನನಗೆ ಎಷ್ಟು ಧೈರ್ಯ ಬಂತು ಅಂದರೆ ಇವತ್ತಿಗೂ ಮರೆತಿಲ್ಲ.

ಗರಡಿಯನ್ನು ಬರೀ ಆಟದ ಮನೆ ಅನ್ನೋಕಾಗಲ್ಲ, ಬರೀ ಯುದ್ಧದ ಮನೆ ಅನ್ನೋಕೂ ಆಗಲ್ಲ. ವರಸೆ ಅನ್ನೋ ಮಾತು ನೋಡಿ. ಕುಸ್ತಿಗೂ ವರಸೆ, ಕತ್ತಿಗೂ ವರಸೆ, ದೊಣ್ಣೆಗೂ ವರಸೆ. ಮೈಸೂರು ದಸರೆಯಲ್ಲಿ ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳು ಆಡುವುದನ್ನು ನಾವು ವಜ್ರಮುಷ್ಟಿ ಕಾಳಗ ಅಂತೀವಿ. ಅಲ್ಲಿ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯುತ್ತೆ. ಕರಾವಳಿಯ ಕೋಳಿ ಅಂಕದ ಅಂಕವೂ ಹೀಗೇ. ಹಳಗನ್ನಡದಲ್ಲಿ ಅಂಕ ಅಂದರೆ ಯುದ್ಧ, ಅಂಕಕಾರ ಅಂದರೆ ಕಾದಾಡುವ ವೀರ. ಇನ್ನು ಕಣ. "ಇಂದು ಎರಡು ತಂಡಗಳು ಕಣಕ್ಕಿಳಿದಿವೆ" ಅಂತ ನಾನು ಪ್ರತಿ ಪಂದ್ಯದಲ್ಲೂ ಹೇಳುತ್ತೇನೆ. ಹಳಬರ ಕಾವ್ಯದಲ್ಲಿ ಕಳ ಅಂದರೆ ರಣರಂಗ. ನಮ್ಮಪ್ಪನಿಗೆ ಕಣ ಅಂದರೆ ಭತ್ತ ಬಡಿಯುವ ಜಾಗ, ಸಗಣಿ ಸಾರಿಸಿ ಚೊಕ್ಕ ಮಾಡಿದ ನೆಲ. ಬೇಲಿ ಹಾಕಿದ ಚೊಕ್ಕ ನೆಲಕ್ಕೆ ಇಳಿದು ಬೆವರು ಹರಿಸಬೇಕು, ಅಷ್ಟೇ. ಆ ಒಂದು ವಿಷಯದಲ್ಲಿ ಮೂರೂ ಒಂದೇ.

ಇಂಥ ಮಾತುಗಳನ್ನು ಬರೆದಿಡೋಕೆ ಒಂದು ನೋಟ್‌ಬುಕ್ ಶುರು ಮಾಡಿದ್ದಕ್ಕೆ ಕಾರಣ ನಮ್ಮಮ್ಮ. ನನಗೆ ಎರಡನೇ ಪಟ್ಟಿ ಸಿಕ್ಕಿದಾಗ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದೆ. "ಅಮ್ಮಾ, ನಾಯಕ್ ಆದೆ" ಅಂದೆ. ಅಮ್ಮ ಕೇಳಿದ್ದು, "ಯಾವ ಟೀಮಿಗೋ?" ರೇಡಿಯೋದಲ್ಲಿ, ಪೇಪರಿನಲ್ಲಿ ಅವರು ಕೇಳಿದ್ದ ನಾಯಕ ಅಂದರೆ ಕ್ರಿಕೆಟ್ ನಾಯಕ. ಸೇನೆಯಲ್ಲಿ ತೋಳಿಗೆ ಒಂದು ಪಟ್ಟಿ ಇದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಕ್ಯಾಪ್ಟನ್ ಅಂದರೆ ಅದಕ್ಕಿಂತ ಎಷ್ಟೋ ಮೇಲೆ, ಹೆಗಲ ಮೇಲೆ ಮೂರು ನಕ್ಷತ್ರದ ಆಫೀಸರ್. ಆದರೆ ಮೈದಾನದಲ್ಲಿ ಕನ್ನಡದ ನಾಯಕನೂ ಇಂಗ್ಲಿಷಿನ ಕ್ಯಾಪ್ಟನ್ನೂ ಒಬ್ಬನೇ! ಅವತ್ತು ರಾತ್ರಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು, ನಡುವೆ ಗೆರೆ ಎಳೆದು, ಎಡಕ್ಕೆ ಬ್ಯಾರಕ್, ಬಲಕ್ಕೆ ಮೈದಾನ ಅಂತ ಬರೆದೆ. ಮೊದಲ ಸಾಲು ನಾಯಕ್.

ಬರೆದುಕೊಳ್ಳೋಕೆ ಒಂದು ಪದ್ಧತಿ ಮಾಡಿಕೊಂಡೆ. ಬರೀ ಮಾತು ಬರೆದರೆ ಸಾಲದು. ಅದನ್ನು ಯಾರು, ಎಲ್ಲಿ, ಏನು ಮಾಡುತ್ತಾ ಹೇಳಿದರು ಅನ್ನೋದನ್ನೂ ಬರೆಯಬೇಕು. ಎರಡು ಕಡೆಯೂ ಆ ಮಾತು ಮಾಡುವ ಕೆಲಸ ಒಂದೇ ಆಗಿದ್ದರೆ ಟಿಕ್. ಬರೀ ಶಬ್ದ ಒಂದೇ, ಕೆಲಸ ಬೇರೆ ಅಂದರೆ ಅಡ್ಡಗೀಟು. ಉದಾಹರಣೆಗೆ ಸ್ಟಿಕ್. ನಮ್ಮಲ್ಲಿ ಗಾರ್ಡ್ ಬದಲಾಗುವಾಗ ಎಲ್ಲರಿಗಿಂತ ಚೊಕ್ಕವಾಗಿ ಯೂನಿಫಾರ್ಮ್ ಹಾಕಿದವನನ್ನು ಸ್ಟಿಕ್ ಆರ್ಡರ್ಲಿ ಅಂತ ಆರಿಸುತ್ತಾರೆ. ಅದಕ್ಕೂ ಹಾಕಿ ಸ್ಟಿಕ್‌ಗೂ ಏನೂ ಸಂಬಂಧ ಇಲ್ಲ. ಗೀಟು. ಡ್ರಿಲ್ ಅನ್ನೋದಕ್ಕೆ ಟಿಕ್. ತಲೆ ಯೋಚನೆ ಮಾಡೋ ಮೊದಲೇ ಕೈಕಾಲು ಮಾಡಿಬಿಡಬೇಕು, ಅಲ್ಲಿವರೆಗೂ ಅದನ್ನೇ ಮಾಡಿಸೋದು, ಎರಡೂ ಕಡೆ ಅದೇ ಅರ್ಥ. ಬಡ್ಡಿ ಅಂದರೆ ಜೊತೆಗಾರ. ಸೇನೆಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಬಡ್ಡಿ ಇರುತ್ತಾನೆ. ಅವನ ಊಟ, ಅವನ ನಿದ್ದೆ, ಅವನ ಪ್ರಾಣ ನಿಮ್ಮ ಜವಾಬ್ದಾರಿ. ಮೈದಾನದಲ್ಲೂ ಮಕ್ಕಳನ್ನು ಹೀಗೇ ಜೋಡಿ ಮಾಡುತ್ತೇನೆ. ಆದರೆ ಮಾತು ಮಾತ್ರ ತರಲಿಲ್ಲ. ಊರಲ್ಲಿ ಬಡ್ಡಿ ಅಂದರೆ ಸಾಲದ ಬಡ್ಡಿ. ಆ ಮಾತು ಕೇಳಿದರೆ ಎಷ್ಟೋ ಮನೆಯವರ ಮುಖ ಸಣ್ಣದಾಗುತ್ತೆ. ಅದಕ್ಕೇ ಜೊತೆಗಾರ ಅಂತಲೇ ಇಟ್ಟುಕೊಂಡೆ.

ಚಕ್ಕರ್ ಅನ್ನೋದೂ ಹಾಗೇ ಪೇಚಿಗೆ ಸಿಕ್ಕಿಸಿತು. "ನಾಲ್ಕು ಚಕ್ಕರ್ ಹೊಡೀರಿ" ಅಂದರೆ ನಮಗೆ ಮೈದಾನ ನಾಲ್ಕು ಸುತ್ತು ಓಡೋದು. ಮಕ್ಕಳಿಗೆ ಚಕ್ಕರ್ ಅಂದರೆ ಕ್ಲಾಸ್ ತಪ್ಪಿಸೋದು. ಮೊದಲ ದಿನ ಎಲ್ಲರೂ ಕಿಸಕ್ಕನೆ ನಕ್ಕರು. ಪೋಲೋ ಆಟದಲ್ಲಿ ಒಂದೊಂದು ಅವಧಿಗೆ ಚಕ್ಕರ್ ಅಂತಲೇ ಹೆಸರು, ಈ ನಮ್ಮ ಚಕ್ಕರ್ರೇ ಇಂಗ್ಲಿಷಿಗೆ ಹೋದದ್ದು. ಮಣಿಪುರದವರು ಆಡುತ್ತಿದ್ದ ಆಟ ನೋಡಿ ಬ್ರಿಟಿಷ್ ಅಧಿಕಾರಿಗಳು 1859ರಲ್ಲಿ ಸಿಲ್ಚಾರ್‌ನಲ್ಲಿ ಕ್ಲಬ್ ಮಾಡಿದರು. ಅಲ್ಲಿಂದ ಪಲ್ಟನ್‌ಗಳ ಜೊತೆ ಆ ಆಟ ಊರೂರು ಸುತ್ತಿತು. ಆಟದ ಜೊತೆ ಮಾತೂ ಹೋಯಿತು.

ರಂಗ್ರೂಟ್ ನನಗೆ ಬಹಳ ಇಷ್ಟದ ಮಾತು. ಇಂಗ್ಲಿಷಿನ ರಿಕ್ರೂಟ್ ಹಿಂದಿಯವರ ಬಾಯಲ್ಲಿ ರಂಗ್ರೂಟ್ ಆಯಿತು. ಅದೇ ರಿಕ್ರೂಟ್ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಸವೆದು ರೂಕಿ ಆಯಿತು, 1890ರ ದಶಕದಲ್ಲೇ ಅದು ಬ್ಯಾರಕ್ ಮಾತಾಗಿತ್ತು. ಇವತ್ತು ಮೊದಲ ಸೀಸನ್ ಆಡುವ ಆಟಗಾರನನ್ನು ರೂಕಿ ಅಂತಾರೆ, ಅದು ಸಿಪಾಯಿ ಮಾತು ಅಂತ ಯಾರಿಗೂ ನೆನಪಿಲ್ಲ. ನಮ್ಮ ಮೈದಾನಕ್ಕೆ ಹೊಸದಾಗಿ ಬರುವ ಪುಟ್ಟ ಮಕ್ಕಳನ್ನು ದೊಡ್ಡ ಹುಡುಗರು "ರಂಗ್ರೂಟ್ ಬಂತು" ಅಂತಾರೆ. ನಾನು ಹೇಳಿಕೊಟ್ಟಿದ್ದಲ್ಲ. ನನ್ನ ಬಾಯಿಂದ ಒಂದು ಸಲ ಬಿದ್ದಿರಬೇಕು, ಅವರು ಎತ್ತಿಕೊಂಡಿದ್ದಾರೆ. ರಗಡಾ ಕೂಡ ಹೀಗೇ. ಶಿಕ್ಷೆಯಾಗಿ ಫ್ರಂಟ್ ರೋಲ್ ಹೊಡೆಸಿ, ಓಡಿಸಿ ಮೈ ಮುರಿಯೋದಕ್ಕೆ ಸೇನೆಯಲ್ಲಿ ರಗಡಾ ಅಂತಾರೆ. ಸ್ಪೋರ್ಟ್ಸ್ ಹಾಸ್ಟೆಲ್‌ನಿಂದ ರಜೆಗೆ ಬರುವ ಹುಡುಗರ ಬಾಯಲ್ಲೂ ಅದೇ ಮಾತು ಕೇಳಿದ್ದೇನೆ. ಆದರೆ ನನ್ನ ಮೈದಾನದಲ್ಲಿ ಆ ಮಾತೂ ಇಲ್ಲ, ಆ ಕೆಲಸವೂ ಇಲ್ಲ. ಹತ್ತು ವರ್ಷದ ಮಗುವಿಗೆ ರಗಡಾ ಬೇಡ.

ಇನ್ನು ಕವರ್. ಇದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಇದೆ.

ಸೆಕ್ಷನ್, ಅಂದರೆ ಸಿಪಾಯಿಗಳ ಸಣ್ಣ ತುಕಡಿ, ಮುಂದೆ ಹೋಗುವಾಗ ಎಲ್ಲರೂ ಒಟ್ಟಿಗೆ ಎದ್ದು ಓಡಲ್ಲ. ಒಂದು ಗುಂಪು ಮಲಗಿಕೊಂಡು ಗುಂಡು ಹಾರಿಸುತ್ತಾ ಎದುರಿನವರು ತಲೆ ಎತ್ತದ ಹಾಗೆ ನೋಡಿಕೊಳ್ಳುತ್ತೆ. ಆ ಹೊತ್ತಿನಲ್ಲಿ ಇನ್ನೊಂದು ಗುಂಪು ಓಡಿ ಮುಂದಿನ ಕಲ್ಲೋ ದಿಬ್ಬವೋ ಹಿಡಿಯುತ್ತೆ. ಆಮೇಲೆ ಅವರು ಗುಂಡು ಹಾರಿಸುತ್ತಾರೆ, ಇವರು ಓಡುತ್ತಾರೆ. ಮಲಗಿದವನು ಕೊಡೋದೇ ಕವರ್. ಓಡುವವನಿಗೆ ಬೆನ್ನಿನ ಮೇಲೆ ಒಂದು ಕೈ ಇದ್ದ ಹಾಗೆ ಅನಿಸುತ್ತೆ. ಅದು ಇಲ್ಲದಿದ್ದರೆ ಕಾಲು ಏಳಲ್ಲ.

ಮಕ್ಕಳ ಹಾಕಿಯಲ್ಲಿ ಕಾಣೋ ದೊಡ್ಡ ತಪ್ಪು ಯಾವುದು ಗೊತ್ತಾ? ಎದುರು ತಂಡದ ಹುಡುಗ ಚೆಂಡು ತಂದ ಅಂದರೆ ಇಬ್ಬರು ಡಿಫೆಂಡರ್‌ಗಳೂ ಅವನ ಮೇಲೆ ಬೀಳುತ್ತಾರೆ. ಅವನು ಒಂದು ಸಣ್ಣ ತಿರುವು ಕೊಟ್ಟರೆ ಸಾಕು, ಇಬ್ಬರೂ ಒಟ್ಟಿಗೆ ಹೊರಗೆ. ಗೋಲ್‌ಕೀಪರ್ ಒಬ್ಬನೇ. ಇದನ್ನು ತಿದ್ದೋಕೆ ನಾನು ಎಷ್ಟು ದಿನ ಬಾಯಿ ಬಡಿದುಕೊಂಡೆ! ಕೊನೆಗೆ ಒಂದು ದಿನ ಆಟ ನಿಲ್ಲಿಸಿ ಎಲ್ಲರನ್ನೂ ಕೂರಿಸಿದೆ. ಇಬ್ಬರನ್ನು ಎಬ್ಬಿಸಿ, ಒಬ್ಬನಿಗೆ ಚೆಂಡಿನ ಎದುರು ಹೋಗು ಅಂದೆ. ಇನ್ನೊಬ್ಬನನ್ನು ಅವನ ಹಿಂದೆ, ಒಂದು ಪಕ್ಕಕ್ಕೆ, ಐದು ಹೆಜ್ಜೆ ದೂರ ನಿಲ್ಲಿಸಿದೆ. ಅವನು ನಿಂತ ಜಾಗದಲ್ಲಿ ನನ್ನ ಚಪ್ಪಲಿ ಇಟ್ಟೆ. "ಚೆಂಡು ಎಲ್ಲಿಗೆ ಹೋದರೂ ಚಪ್ಪಲಿ ಅವನ ಹಿಂದೆ ಹೀಗೇ ಇರಬೇಕು" ಅಂತ ಹೇಳಿ, ಚೆಂಡು ಸರಿದ ಹಾಗೆಲ್ಲ ಚಪ್ಪಲಿ ಎತ್ತಿ ಎತ್ತಿ ಇಡುತ್ತಾ ಹೋದೆ.

ಒಬ್ಬ ಕೈ ಎತ್ತಿದ. "ಸರ್, ಕವರ್ ಕೊಡೋನು ಬಾಲ್ ಮುಟ್ಟೋದೇ ಇಲ್ವಾ?"

"ಮುಂದಿರೋನು ಸೋತರೆ ಮುಟ್ತಾನೆ. ಸೋಲದೇ ಇದ್ದರೆ ಮುಟ್ಟಲ್ಲ."

"ಹಂಗಾದ್ರೆ ಅವನು ಏನೂ ಮಾಡ್ಲಿಲ್ಲ ಅಂತ ಎಲ್ರೂ ಅಂದ್ಕೋತಾರಲ್ಲ ಸರ್?"

ಆಗ ವೆಲ್ಲಿಂಗ್ಟನ್‌ನ ಇಳಿಜಾರಿನ ಕತೆ ಹೇಳಿದೆ. ಮಲಗಿದವನು ಇದ್ದಾನೆ ಅನ್ನೋ ಧೈರ್ಯಕ್ಕೇ ಓಡುವವನು ಓಡೋದು ಅಂದೆ. ಹುಡುಗ ಏನೂ ಮಾತಾಡಲಿಲ್ಲ. ಮರುದಿನದಿಂದ "ಕವರ್" ಅನ್ನೋ ಕೂಗು ಶುರುವಾಯಿತು. ಈಗ ಕೂಗೋದು ಮುಂದಿನವನು, ತಾನು ಒಬ್ಬನೇ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ. ಹಿಂದಿನವನು "ಇದ್ದೀನಿ" ಅಂತಾನೆ. ಆ "ಇದ್ದೀನಿ" ಮಕ್ಕಳೇ ಸೇರಿಸಿದ್ದು. ನನಗೆ ಆ ಮಾತು ಕವರ್‌ಗಿಂತ ಜಾಸ್ತಿ ಇಷ್ಟ.

ಫ್ಲ್ಯಾಂಕ್ ಅನ್ನೋದನ್ನು ಮಾತ್ರ ಕನ್ನಡಕ್ಕೆ ತಂದೆ. ಸೇನೆಯಲ್ಲೂ ಹಾಕಿಯಲ್ಲೂ ಫ್ಲ್ಯಾಂಕ್ ಅಂತಲೇ ಹೇಳುತ್ತಾರೆ, ಎದುರಾಳಿ ಗಟ್ಟಿಯಾಗಿರುವ ನಡುವೆ ಗುದ್ದಾಡದೆ ಪಕ್ಕದಿಂದ ನುಗ್ಗೋದು. ಕಾಮೆಂಟ್ರಿಯಲ್ಲಿ ಮೊದಮೊದಲು "ಲೆಫ್ಟ್ ಫ್ಲ್ಯಾಂಕ್‌ನಿಂದ" ಅಂತಿದ್ದೆ. ಬೇಲಿ ಪಕ್ಕ ಕೂತ ಅಜ್ಜಂದಿರಿಗೆ ತಲುಪುತ್ತಿರಲಿಲ್ಲ. ಒಂದು ಸಲ ತಾನಾಗೇ ಬಾಯಿಗೆ "ಎಡ ಮಗ್ಗುಲಿಂದ ನುಗ್ಗಿದ" ಅಂತ ಬಂತು. ಹಸು ಮಗ್ಗುಲು ಬದಲಿಸಿತು, ಬೆಟ್ಟದ ಮಗ್ಗುಲು ಅಂತೆಲ್ಲ ಹೇಳೋರಿಗೆ ಆ ಮಾತು ಕಣ್ಣಿಗೆ ಕಟ್ಟಿತು. ಅಂದಿನಿಂದ ಎಡ ಮಗ್ಗುಲು, ಬಲ ಮಗ್ಗುಲು ನನ್ನ ಕಾಮೆಂಟ್ರಿಯಲ್ಲಿ ಕಾಯಂ.

ಕಾಮೆಂಟ್ರಿ ವಿಷಯಕ್ಕೆ ಬಂದೆ, ಒಂದು ತಪ್ಪನ್ನೂ ಹೇಳಬೇಕು. ಕೊಡಗಿನ ಹಾಕಿ ಗೊತ್ತಿರುವವರಿಗೆ ಕುಟುಂಬಗಳ ಹಾಕಿಯೂ ಗೊತ್ತಿರುತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತು ದೊಡ್ಡ ಜಾತ್ರೆಯಂತೆ ನಡೆಯುತ್ತೆ. ಅದನ್ನು ನೋಡಿ ನಮ್ಮ ಕಡೆಯೂ ಸಣ್ಣ ಸಣ್ಣ ಟೂರ್ನಮೆಂಟ್‌ಗಳು ಹುಟ್ಟಿಕೊಂಡವು. ಅಂಥ ಒಂದರಲ್ಲಿ ನನ್ನ ಕೈಗೆ ಮೊದಲ ಸಲ ಮೈಕ್ ಕೊಟ್ಟರು. ನಿವೃತ್ತನಾಗಿ ಕೆಲವೇ ತಿಂಗಳು ಆಗಿತ್ತು. ಹುರುಪಿನಲ್ಲಿ "ಶತ್ರುವಿನ ಕೋಟೆಗೆ ನುಗ್ಗಿದ್ದಾರೆ, ಶತ್ರು ಪಡೆ ದಿಕ್ಕೆಟ್ಟಿದೆ" ಅಂತೆಲ್ಲ ಹೇಳಿಬಿಟ್ಟೆ.

ಪಂದ್ಯ ಮುಗಿದ ಮೇಲೆ ವಯಸ್ಸಾದ ಒಬ್ಬ ಅಮ್ಮ ಬಂದರು. ಕೋಪ ಇರಲಿಲ್ಲ. "ಮಗಾ, ನೀನು ಯಾರನ್ನ ಶತ್ರು ಅಂದೆಯೋ ಆ ಮನೆಗೆ ನನ್ನ ಮಗಳನ್ನ ಕೊಟ್ಟಿದೀವಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಗ ನಿಜವಾದ ಶತ್ರು ಮುಂದೆ ನಿಂತು ಹೋದ. ಆ ಮಾತನ್ನ ಆಟಕ್ಕೆ ಹಾಕಬೇಡಪ್ಪಾ" ಅಂದರು.

ನನಗೆ ಮಾತೇ ಹೊರಡಲಿಲ್ಲ. ನನ್ನದೇ ಬೆಟಾಲಿಯನ್ ತಂಡದಲ್ಲಿ ಲೆಫ್ಟ್ ವಿಂಗ್ ಆಡುತ್ತಿದ್ದ ಹುಡುಗ ಕಾಶ್ಮೀರದಿಂದ ವಾಪಸ್ ಬಂದಿರಲಿಲ್ಲ. ಅವನ ಸ್ಟಿಕ್ಕನ್ನು ಟ್ರಂಕಿನಲ್ಲಿಟ್ಟು ಅವನ ಮನೆಗೆ ಕಳಿಸುವಾಗ ಗ್ರಿಪ್ ಮೇಲೆ ಅವನು ಸುತ್ತಿದ್ದ ಬಿಳಿ ಟೇಪ್ ಹಾಗೇ ಇತ್ತು. ಅದೆಲ್ಲ ಗೊತ್ತಿದ್ದೂ ನಾನು ಆ ಮಾತು ಆಡಿದ್ದೆ.

ಅವತ್ತೇ ನೋಟ್‌ಬುಕ್ಕಿನಲ್ಲಿ ಮೂರನೇ ಒಂದು ಗುರುತು ಶುರುವಾಯಿತು. ಕೆಲಸ ಒಂದೇ ಆದರೂ ಮೈದಾನಕ್ಕೆ ತರಬಾರದ ಮಾತುಗಳಿಗೆ ಸುತ್ತಲೂ ಒಂದು ಚೌಕ. ಶತ್ರು ಅಲ್ಲಿ ಹೋಯಿತು, ನನ್ನ ಬಾಯಲ್ಲಿ ಈಗ ಎದುರಾಳಿ, ಇಲ್ಲವೇ ಆ ಮನೆತನದ ಹೆಸರೇ. ಹುತಾತ್ಮ ಅಲ್ಲಿ ಹೋಯಿತು. ಬಲಿ ಅಲ್ಲಿ ಹೋಯಿತು. 2016ರಲ್ಲಿ ಸರ್ಜಿಕಲ್ ಸ್ಟ್ರೈಕ್ ಸುದ್ದಿ ಬಂದ ಮೇಲೆ ಕ್ರಿಕೆಟ್ ಗೆದ್ದರೂ ಜನ ಅದೇ ಮಾತು ಹೇಳತೊಡಗಿದರು, ಅದೂ ಚೌಕದೊಳಗೆ. ಶೂಟೌಟ್ ಸಮಬಲವಾಗಿ ಮುಂದುವರಿದರೆ ಸಡನ್ ಡೆತ್ ಅಂತಾರಲ್ಲ, ಅದಕ್ಕೆ ನಾನು "ಇನ್ನು ಒಂದೇ ಏಟಿನ ತೀರ್ಮಾನ" ಅಂತೀನಿ. ದಾಳಿ, ರಕ್ಷಣೆ, ಕೋಟೆ, ಪಡೆ ಇವನ್ನು ಬಿಡಲಿಲ್ಲ. ಕಬಡ್ಡಿಯ ದಾಳಿಗಾರನೂ ಚದುರಂಗದ ಕಾಲಾಳೂ ಯಾರ ಮನಸ್ಸನ್ನೂ ನೋಯಿಸಲ್ಲ. ಅವು ಎಷ್ಟೋ ಕಾಲದಿಂದ ಆಟದ ಮನೆಯಲ್ಲೇ ಇದ್ದು ಒಗ್ಗಿಹೋದ ಮಾತುಗಳು.

ನಮ್ಮ ರೆಜಿಮೆಂಟಿನ ಯುದ್ಧ ಘೋಷವನ್ನೂ ನಾನು ಮಕ್ಕಳಿಗೆ ಕೊಟ್ಟಿಲ್ಲ. "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು!" ತಮಿಳಿನ ಅಡಿ ಅಂದರೆ ಹೊಡಿ, ಕೊಲ್ಲು ಅನ್ನೋದು ಕನ್ನಡದವನಿಗೂ ಹಾಗೇ ಅರ್ಥವಾಗುತ್ತೆ. ಯೂನಿಟ್‌ಗಳ ನಡುವಿನ ಪಂದ್ಯದಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿದರೆ ಗೆರೆಯಾಚೆ ನಿಂತ ಇಡೀ ಕಂಪನಿ ಅದನ್ನು ಕೂಗುತ್ತಿತ್ತು. ಮಲಯಾಳಿ, ತೆಲುಗು, ತಮಿಳು, ಕನ್ನಡ ಎಲ್ಲರ ಗಂಟಲೂ ಒಂದಾಗುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ. ಆದರೆ ಅದು ರೆಜಿಮೆಂಟಿನ ಸ್ವತ್ತು, ನಾನು ಊರಿಗೆ ತರೋಕಾಗಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಓದಿ ಬರೆದುಕೊಂಡದ್ದು ಇದೆ. ಅಲ್ಲಿ ಮಾತು ಉಲ್ಟಾ ಹೋಗಿದೆ, ಆಟದಿಂದ ಯುದ್ಧಕ್ಕೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ನಮ್ಮ ಸೇನೆ ನಡೆಸಿದ ಕಾರ್ಯಾಚರಣೆಗೆ ಆಪರೇಷನ್ ಪೋಲೋ ಅಂತ ಹೆಸರು. ಹೈದರಾಬಾದಿನಲ್ಲಿ ಪೋಲೋ ಮೈದಾನಗಳು ಜಾಸ್ತಿ ಇದ್ದವು, ಅದಕ್ಕೇ ಆ ಹೆಸರು ಅಂತ ಹೇಳುತ್ತಾರೆ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಸೆಪ್ಟೆಂಬರ್ 17 ಇವತ್ತಿಗೂ ವಿಮೋಚನೆಯ ದಿನ. ಎರಡನೇ ಮಹಾಯುದ್ಧದಲ್ಲಿ, 1942ರ ಎಲ್ ಅಲಮೈನ್ ಕದನಕ್ಕೆ ಮೊದಲು ಬ್ರಿಟನ್ನಿನ ಸೇನಾಪತಿ ಮಾಂಟ್‌ಗೊಮರಿ ತನ್ನ ಸೈನಿಕರಿಗೆ ಕಳಿಸಿದ ಸಂದೇಶದಲ್ಲಿ ಎದುರಾಳಿಯನ್ನು ಉತ್ತರ ಆಫ್ರಿಕಾದಿಂದಾಚೆಗೆ ಸಿಕ್ಸರ್ ಹೊಡೆಯೋಣ ಅನ್ನೋ ಅರ್ಥದ ಮಾತು ಇತ್ತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೊನೇ ಗಳಿಗೆಯಲ್ಲಿ ದೇವರ ಮೇಲೆ ಭಾರ ಹಾಕಿ ದೂರಕ್ಕೆ ಎಸೆಯೋ ಪಾಸಿಗೆ ಹೇಲ್ ಮೇರಿ ಅಂತಾರೆ, 1975ರ ಒಂದು ಪಂದ್ಯದಿಂದ ಆ ಮಾತು ಮನೆಮಾತಾಯಿತು. 1991ರ ಕೊಲ್ಲಿ ಯುದ್ಧದಲ್ಲಿ ಮರುಭೂಮಿಯ ಮಗ್ಗುಲಿಂದ ಸುತ್ತಿ ಬಂದ ದಾಳಿಯನ್ನು ವಿವರಿಸುವಾಗ ಅಮೆರಿಕದ ಜನರಲ್ ಶ್ವಾರ್ಜ್‌ಕಾಫ್ ಅದೇ ಮಾತು ಬಳಸಿದರು. ಅದೇ ಆಟದ ಲೈನ್‌ಬ್ಯಾಕರ್ ಅನ್ನೋ ಆಟಗಾರನ ಜಾಗದ ಹೆಸರನ್ನು 1972ರಲ್ಲಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಗೆ ಅಮೆರಿಕದವರು ಇಟ್ಟಿದ್ದರು.

ಇವನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತೆ. 1916ರ ಜುಲೈ 1ರಂದು ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಕ್ಯಾಪ್ಟನ್ ನೆವಿಲ್ ಅನ್ನೋ ಬ್ರಿಟಿಷ್ ಅಧಿಕಾರಿ ತನ್ನ ಹುಡುಗರಿಗೆ ಫುಟ್‌ಬಾಲ್ ಕೊಟ್ಟು, ಅದನ್ನು ಒದೆಯುತ್ತಾ ಮುಂದೆ ನಡೆಯಿರಿ ಅಂದ. ಅವತ್ತೇ ಅವನು ಸತ್ತ. ಹುಡುಗರ ಭಯ ಸ್ವಲ್ಪ ಕಡಿಮೆಯಾಗಲಿ ಅಂತ ಅವನು ಹಾಗೆ ಮಾಡಿರಬೇಕು. ಅದು ನನಗೆ ಅರ್ಥವಾಗುತ್ತೆ. ನಾವೂ ರಾತ್ರಿ ಪೆಟ್ರೋಲಿಂಗ್‌ಗೆ ಹೊರಡುವಾಗ "ಇವತ್ತು ಎಲ್ಲರೂ ಆಡೋ ಹನ್ನೊಂದರಲ್ಲಿದೀರಿ, ಬೆಂಚಲ್ಲಿ ಯಾರೂ ಇಲ್ಲ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಹಾಗೆ ಹೇಳಿದರೆ ಉಸಿರು ಸಲೀಸಾಗಿ ಬರುತ್ತಿತ್ತು. ಆದರೆ ಬಾಂಬಿನ ದಾಳಿಗೆ ಆಟದ ಹೆಸರು ಇಡೋದು ನನಗೆ ಒಪ್ಪಿಗೆಯಾಗಲ್ಲ. ಕೆಳಗೆ ಮನೆಯಲ್ಲಿ ಇರುವವರು ಯಾವ ಆಟಕ್ಕೂ ಹೆಸರು ಕೊಟ್ಟವರಲ್ಲ.

ಈಗ ನೋಟ್‌ಬುಕ್ ಮೂರನೆಯದು ನಡೆಯುತ್ತಿದೆ. ಅದರಲ್ಲಿ ತೀರಾ ಈಚಿನ ಸಾಲು ರೆಕ್ಕಿ. ಮುಂದೆ ಹೋಗೋ ಮೊದಲು ಗುಟ್ಟಾಗಿ ಜಾಗ ನೋಡಿಕೊಂಡು ಬರೋದಕ್ಕೆ ಸೇನೆಯಲ್ಲಿ ರೆಕ್ಕಿ ಅಂತೀವಿ. ಬೇರೆ ಊರಿಗೆ ಪಂದ್ಯಕ್ಕೆ ಹೋದರೆ ಆಟಕ್ಕೆ ಅರ್ಧ ಗಂಟೆ ಮೊದಲು ಇಬ್ಬರನ್ನು ಮೈದಾನ ಸುತ್ತಿ ಬರೋಕೆ ಕಳಿಸುತ್ತೇನೆ. ನೆಲ ಎಲ್ಲಿ ಗಟ್ಟಿ, ಎಲ್ಲಿ ಗುಂಡಿ, ಸಂಜೆ ಬಿಸಿಲು ಯಾವ ಗೋಲ್‌ಕೀಪರ್ ಕಣ್ಣಿಗೆ ಹೊಡೆಯುತ್ತೆ ಅಂತ ನೋಡಿ ಬರಬೇಕು. ಹೋದ ಮಳೆಗಾಲದಲ್ಲಿ ನಮ್ಮ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೋಗಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು ನನ್ನೆದುರು ನೆಟ್ಟಗೆ ನಿಂತಳು.

"ಸರ್, ರೆಕ್ಕಿ ಮುಗೀತು. ಎಡ ಮಗ್ಗುಲಲ್ಲಿ ನೀರು ನಿಂತಿದೆ. ಸ್ಟಿಕ್ ಇಟ್ಟು ನೋಡಿದೆ, ಇಷ್ಟು ಮುಳುಗುತ್ತೆ. ಚೆಂಡು ಓಡಲ್ಲ."

ಸ್ಟಿಕ್ಕಿನ ತುದಿಯಲ್ಲಿ ಒದ್ದೆ ಎಲ್ಲಿವರೆಗೆ ಬಂದಿದೆ ಅಂತ ಬೆರಳಿಟ್ಟು ತೋರಿಸಿದಳು. ಅವತ್ತು ಮೊದಲರ್ಧ ಪೂರ್ತಿ ಬಲ ಮಗ್ಗುಲಿಂದಲೇ ಆಡಿಸಿದೆವು.